ವಿದೇಶಿ ವಿದ್ಯಾರ್ಥಿ ಮನೆಗೆ ಬಂದರೆ: ಕೆಲವು ವಾರವೋ, ಇಡೀ ವರ್ಷವೋ?

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಕೆಲವೇ ವಾರಕ್ಕೆ ಬಂದು ನಿಮ್ಮ ಮನೆಯಲ್ಲಿ ಉಳಿಯುವವರು ನೆಂಟರ ಹಾಗೆ. ಊರು ತೋರಿಸುತ್ತೀರಿ, ಫೋಟೊ ತೆಗೆಯುತ್ತೀರಿ, ಕಳಿಸಿಕೊಡುತ್ತೀರಿ. ಜವಾಬ್ದಾರಿ ಕಡಿಮೆ, ಆದರೆ ಸಲುಗೆ ಬೆಳೆಯುವಷ್ಟರಲ್ಲಿ ಹೊರಡುವ ದಿನ ಬಂದಿರುತ್ತದೆ.

ವರ್ಷದ ಮಾತೇ ಬೇರೆ. ಮೊದಲ ವಾರ 'ಫ್ರಿಜ್ ತೆಗೆಯಲಾ?' ಎಂದು ಕೇಳುವ ಹುಡುಗಿ, ಆರನೇ ತಿಂಗಳಿಗೆ ತಾನೇ ತೆಗೆದು, ಖಾಲಿ ಬಾಟಲಿಗೆ ನೀರು ತುಂಬಿಸಿಡುತ್ತಾಳೆ. ಭಾಷೆ ನಾಲಿಗೆಗೆ ಹತ್ತುವುದೂ ಆಗಲೇ. ನಡುವೆ ತನ್ನ ಮನೆ ನೆನಪಾಗಿ ಬಾಗಿಲು ಹಾಕಿಕೊಳ್ಳುವ ದಿನಗಳೂ ಇರುತ್ತವೆ. ಆಗ ಪಕ್ಕದಲ್ಲಿ ಸುಮ್ನೆ ಕೂರುವ ತಾಳ್ಮೆ ಬೇಕು. ಜ್ವರ ಬಂದರೂ, ಸಂಜೆ ತಡವಾದರೂ ನೋಡಿಕೊಳ್ಳಬೇಕಾದವರು ನೀವೇ.

ರೋಟರಿ ಕ್ಲಬ್‌ಗಳು ನಡೆಸುವ ಒಂದು ವರ್ಷದ ವಿನಿಮಯ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಇರುತ್ತಾರೆ. ಹಾಗಾಗಿ ನಿಮ್ಮ ಪಾಲಿಗೆ ಕೆಲವೇ ತಿಂಗಳು ಬರಬಹುದು. ಮೊದಲ ಸಲದವರಿಗೆ ಇದು ಒಳ್ಳೆಯದು.

ಮನೆಯಲ್ಲಿ ಪರೀಕ್ಷೆಯ ಗಡಿಬಿಡಿ ಜಾಸ್ತಿ ಇದ್ದರೆ ಕಡಿಮೆ ಅವಧಿಯೇ ಸಾಕು. ಇಲ್ಲದಿದ್ದರೆ ನಾನು ವರ್ಷವನ್ನೇ ಆರಿಸುತ್ತೇನೆ. ಯಾವುದಾದರೂ ಸರಿ, ತೊಂದರೆಯಾದಾಗ ರಾತ್ರಿಯೂ ಫೋನ್ ಎತ್ತುವವರು ಯಾರು ಎಂದು ಕಾರ್ಯಕ್ರಮ ನಡೆಸುವ ಸಂಸ್ಥೆಯನ್ನು ಮೊದಲೇ ಕೇಳಿಕೊಳ್ಳಿ.