ಕೆಂಪು ಟ್ರಕ್ಕು, ನೀಲಿ ಟ್ರಕ್ಕು: ಎರಡು ನೈಟ್ರೋಗಳ ಜೊತೆ ಒಂದು ವರ್ಷ

ಎರಡೂ 1:10 ಅಳತೆಯ ರಿಮೋಟ್ ಟ್ರಕ್ಕುಗಳು. ಎರಡರಲ್ಲೂ .18 (ಘನ ಇಂಚು) ನೈಟ್ರೋ ಎಂಜಿನ್, ಅಂದರೆ ನೈಟ್ರೋಮೀಥೇನ್ ಬೆರೆತ ಇಂಧನದಲ್ಲಿ ಓಡುವ ಸುಮಾರು 3 ಸಿಸಿಯ ಪುಟ್ಟ ಎಂಜಿನ್. ಎರಡರ ಪೆಟ್ಟಿಗೆ ಮೇಲೂ ‘ರೆಡಿ ಟು ರನ್’ ಅಂತ ದೊಡ್ಡದಾಗಿ ಬರೆದಿತ್ತು. ಕೆಂಪು ಬಾಡಿಯದ್ದಕ್ಕೆ 18,000 ರೂಪಾಯಿ ಕೊಟ್ಟೆ, ನೀಲಿಯದ್ದಕ್ಕೆ 41,000. ಕಂಪನಿ ಹೆಸರು ಬೇಡ ಬಿಡಿ.

ಮೊದಲು ಎಂಜಿನ್. ಇಲ್ಲಿ ನನಗೇ ಆಶ್ಚರ್ಯವಾಯಿತು, ಕೆಂಪಿನದ್ದೇ ಚೆನ್ನಾಗಿತ್ತು. ಹೊಸ ನೈಟ್ರೋ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಿನ ತುದಿಗೆ ಬರುವಾಗ ಗಟ್ಟಿಯಾಗಿ ಹಿಡಿಯಬೇಕು. ಕೆಂಪಿನದ್ದು ಹಾಗೇ ಹಿಡಿಯಿತು, ನೀಲಿಯದ್ದು ಸಲೀಸಾಗಿ ತಿರುಗಿತು. ಆದರೆ ಅಷ್ಟು ಗಟ್ಟಿ ಎಂಜಿನ್ನಿಗೆ ಅವರು ಕೊಟ್ಟಿದ್ದು ಗಾಳಿಪಟದ ದಾರದಂಥ ಸ್ಟಾರ್ಟರ್ ಹಗ್ಗ. ಎಂಟನೇ ಎಳೆತಕ್ಕೆ ತುಂಡಾಯಿತು. ಆಮೇಲೆ ಗೊತ್ತಾದ ಉಪಾಯ: ಮೊದಲು ಹೇರ್ ಡ್ರೈಯರ್‌ನಿಂದ ಎಂಜಿನ್ ತಲೆ ಬೆಚ್ಚಗೆ ಮಾಡಿಕೊಂಡರೆ ಹಿಡಿತ ಸಡಿಲವಾಗುತ್ತದೆ.

ನಿಜವಾದ ತಲೆನೋವು ಗಾಳಿ ಸೋರುವುದು. ಕೆಂಪು ಟ್ರಕ್ಕು ಒಂದು ಸುತ್ತು ಸರಿಯಾಗಿ ಓಡುತ್ತಿತ್ತು, ಮುಂದಿನ ಸುತ್ತಿಗೆ ರಿಮೋಟಿನ ವೇಗದ ಟ್ರಿಗರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತಿತ್ತು. ಇಂಧನದ ಪ್ರಮಾಣ ಹೊಂದಿಸುವ ಕಾರ್ಬೊರೇಟರ್ ಸೂಜಿಗಳನ್ನು ತಿರುಗಿಸಿ ತಿರುಗಿಸಿ ಮೂರು ಭಾನುವಾರ ಹಾಳಾದವು. ಕೊನೆಗೆ ಎಂಜಿನ್ ಬಿಚ್ಚಿ, ಸೈಲೆನ್ಸರ್ ಕಡೆಯ ಬಾಯಿಯನ್ನೂ ಕಾರ್ಬೊರೇಟರ್ ಬಾಯಿಯನ್ನೂ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಇಂಧನದ ಪೈಪಿನಿಂದ ಊದಿದೆ. ಸೈಕಲ್ ಟ್ಯೂಬ್ ಪಂಕ್ಚರ್ ನೋಡುತ್ತೇವಲ್ಲ, ಹಾಗೆ. ಕಾರ್ಬೊರೇಟರಿನ ಕುತ್ತಿಗೆಯಿಂದಲೂ ಹಿಂದಿನ ಮುಚ್ಚಳದಿಂದಲೂ ಗುಳ್ಳೆ ಬಂತು. ಅಲ್ಲಿಂದ ಹೆಚ್ಚುವರಿ ಗಾಳಿ ಒಳಗೆ ಹೋಗಿ ಮಿಶ್ರಣದಲ್ಲಿ ಇಂಧನ ಕಡಿಮೆಯಾಗುತ್ತಿತ್ತು. ಜೊತೆಗೆ ಎಣ್ಣೆಯೂ ಕಡಿಮೆ. ಯಾಕೆಂದರೆ ಈ ಎಂಜಿನ್ನಿಗೆ ಬೇಕಾದ ಎಣ್ಣೆ ಮೆಥನಾಲ್ ಮತ್ತು ನೈಟ್ರೋಮೀಥೇನ್ ಜೊತೆ ಇಂಧನದಲ್ಲೇ ಬೆರೆತಿರುತ್ತದೆ. ಬೈಕ್ ಗ್ಯಾರೇಜಿನವರು ಹಚ್ಚುವ ಗ್ಯಾಸ್ಕೆಟ್ ಸೀಲೆಂಟ್ ತೆಳ್ಳಗೆ ಹಚ್ಚಿದೆ, ಸರಿಹೋಯಿತು. ನೀಲಿಯಲ್ಲಿ ಎಂಜಿನ್ ಸೋರಲಿಲ್ಲ. ಟ್ಯಾಂಕಿನ ಮುಚ್ಚಳ ಮಾತ್ರ ಸರಿಯಾಗಿ ಕೂರುತ್ತಿರಲಿಲ್ಲ. ಸೈಲೆನ್ಸರಿನಿಂದ ಬರುವ ಒತ್ತಡವೇ ಇಂಧನವನ್ನು ತಳ್ಳುವುದು, ಹಾಗಾಗಿ ಅದೂ ಸಣ್ಣ ದೋಷವಲ್ಲ.

ಸ್ಕ್ರೂಗಳ ಕಥೆ ಬೇಗ ಮುಗಿಸುತ್ತೇನೆ. ಕೆಂಪಿನಲ್ಲಿ ಒಂದಕ್ಕೂ ಸಡಿಲವಾಗದಂತೆ ಹಿಡಿಯುವ ಅಂಟಾದ ಥ್ರೆಡ್‌ಲಾಕ್ ಇಲ್ಲ. ಎರಡನೇ ಟ್ಯಾಂಕಿಗೇ ಎಂಜಿನ್ ಸಡಿಲವಾಗಿ ಪ್ಲಾಸ್ಟಿಕ್ ಗೇರಿನ ಹಲ್ಲು ಪುಡಿ. ನೀಲಿಯಲ್ಲಿ ಅರ್ಧದಷ್ಟಕ್ಕೆ ಹಾಕಿದ್ದರು.

ಆಮೇಲೆ ಕಾರವಾರದ ಮಾಲಾದೇವಿ ಮೈದಾನದ ಆ ಸಂಜೆ. ರಿಮೋಟಿನ ಸಿಗ್ನಲ್ ಹಿಡಿಯುವ ಕೆಂಪಿನ ರಿಸೀವರಿಗೆ ನಾಲ್ಕು ಪೆನ್ಸಿಲ್ ಸೆಲ್ ಹಾಕುವ ಡಬ್ಬಿ ಇದೆ. ಕುಲುಕಾಟಕ್ಕೆ ಒಂದು ಸೆಲ್ ಎದ್ದಿತು. ಟ್ರಿಗರ್ ಪೂರ್ತಿ ಒತ್ತಿದ್ದೆ, ಥ್ರಾಟಲ್ ಹಾಗೇ ತೆರೆದು ನಿಂತಿತು. ಕ್ರಿಕೆಟ್ ಆಡುತ್ತಿದ್ದ ಮಕ್ಕಳ ನಡುವೆ ನುಗ್ಗಿ ಅಂಚಿನ ಗಟಾರಕ್ಕೆ ಬಿತ್ತು. ಯಾರಿಗೂ ತಾಗಲಿಲ್ಲ, ಪುಣ್ಯ. ನೀಲಿಯಲ್ಲಿ ಫೇಲ್‌ಸೇಫ್ ಇದೆ, ಸಿಗ್ನಲ್ ಹೋದರೆ ತಾನೇ ಬ್ರೇಕ್ ಹಾಕುತ್ತದೆ. ಆದರೆ ಸೆಲ್ಲೇ ಸತ್ತರೆ ಅದೂ ಸಾಯುತ್ತದೆ, ಅಲ್ವಾ? ಅದಕ್ಕೆ ಈಗ ಎರಡರಲ್ಲೂ ಥ್ರಾಟಲ್ಲನ್ನು ಹಿಂದಕ್ಕೆ ಎಳೆಯುವ ಹಾಗೆ ಒಂದು ರಬ್ಬರ್ ಬ್ಯಾಂಡ್ ಕಟ್ಟಿದ್ದೇನೆ. ಎರಡು ರೂಪಾಯಿಯ ಕೆಲಸ. 41,000ದ ಪೆಟ್ಟಿಗೆಯಲ್ಲೂ ಇರಲಿಲ್ಲ.

ನೀಲಿಗೆ ಆದ ದೊಡ್ಡ ಪೆಟ್ಟು ನನ್ನದೇ ತಪ್ಪು. ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ತೇವಕ್ಕೇನು ಬರವೇ? ಓಡಿಸಿದ ಮೇಲೆ ಎಂಜಿನ್ನಿಗೆ ತುಕ್ಕು ತಡೆಯುವ ಆಫ್ಟರ್ ರನ್ ಎಣ್ಣೆ ಬಿಡದೆ ಸುಮ್ನೆ ಒಂದು ವಾರ ಇಟ್ಟೆ. ಹಿಂದಿನ ಬೇರಿಂಗ್ ತುಕ್ಕು ಹಿಡಿಯಿತು.

ಶಿರಸಿಗೆ ಭಾವನ ಮನೆಗೆ ಎರಡನ್ನೂ ಒಯ್ದಿದ್ದೆ. ದೇವಿಮನೆ ಘಟ್ಟ ಹತ್ತಿ ಸುಮಾರು 600 ಮೀಟರ್ ಮೇಲೆ ಹೋದರೆ ಗಾಳಿ ತೆಳ್ಳಗಾಗುತ್ತದೆ. ಕಾರವಾರದಲ್ಲಿ ಕೂಡಿಸಿದ ಸೂಜಿ ಅಲ್ಲಿ ಇಂಧನ ಜಾಸ್ತಿ ಬಿಡುತ್ತಿತ್ತು, ಅಡಿಕೆ ಒಣಗಿಸುವ ಅಂಗಳದ ತುಂಬ ಹೊಗೆ. “ಎಂತ ಮಾರಾಯಾ, ಸೊಳ್ಳೆ ಓಡಿಸೂ ಮಷಿನ್ನೋ?” ಅಂದ ಭಾವ. ನೀಲಿ ಒಂದು ಸಣ್ಣ ತಿರುವಿಗೆ ಸರಿಯಾಯಿತು. ಕೆಂಪಿನ ಸೂಜಿ ಎಷ್ಟು ಸಡಿಲ ಅಂದರೆ ಓಡುತ್ತಾ ತಾನೇ ತಿರುಗುತ್ತದೆ. ಚಿರೇಕಲ್ಲಿನ ಕೆಂಪು ಧೂಳಿಗೆ ಮಾತ್ರ ಇಬ್ಬರೂ ಒಂದೇ: ಏರ್ ಫಿಲ್ಟರಿನ ಸ್ಪಂಜಿಗೆ ಎಣ್ಣೆ ಹಚ್ಚದೆ ಓಡಿಸಿದರೆ ಎಂಜಿನ್ ಒಳಗೆ ಸವೆಯುತ್ತದೆ. ಎರಡೂ ಕಾರ್ಖಾನೆಯಿಂದ ಒಣ ಸ್ಪಂಜಿನಲ್ಲೇ ಬಂದವು.

ಬಿಡಿಭಾಗ? ನೀಲಿಯದ್ದು ಬೆಂಗಳೂರಿನಿಂದ ವಾರದಲ್ಲಿ ಬರುತ್ತದೆ. ಕೆಂಪಿನದ್ದನ್ನು ಮಾರಿದವರು ಈಗ ಫೋನೇ ಎತ್ತುವುದಿಲ್ಲ. ಆ ಗೇರಿಗಾಗಿ ಎರಡು ತಿಂಗಳು ಕಾದೆ.

ಭಾವನ ಮಗನಿಗೆ ನೀಲಿಯಂಥದ್ದೇ ಕೊಡಿಸಿ ಅಂದಿದ್ದೇನೆ, ಮೊದಲ ದಿನ ಇಂಧನ ಮುಟ್ಟದೆ ಸ್ಕ್ರೂಡ್ರೈವರ್ ಹಿಡಿದು ಕೂರುವುದಾದರೆ. ನನ್ನ ನೀಲಿಗೆ ಈಗ ಕೆಂಪಿನ ಎಂಜಿನ್ ಕೂರಿಸಲು ನೋಡುತ್ತಿದ್ದೇನೆ. ಮೌಂಟಿನ ತೂತುಗಳು ಹೊಂದುತ್ತವೆ. ಎಂಜಿನ್ನಿನ ತಿರುಗುವಿಕೆಯನ್ನು ಗೇರಿಗೆ ದಾಟಿಸುವ ಕ್ಲಚ್ ಬೆಲ್ ಮಾತ್ರ ಎರಡು ಮಿಲಿಮೀಟರ್ ಆಚೆ ನಿಲ್ಲುತ್ತಿದೆ.