ಕೈಗೂಸಿನ ತಾಯಿಗೆ ಯಾವುದು: ಇಲ್ಲಿನ ಎಂಡಿಯೋ, ಬ್ರಿಟನ್ ತರಬೇತಿಯೋ?

ಕೈಗೂಸು ಇರುವಾಗ ತಜ್ಞವೈದ್ಯೆಯಾಗಲು ಇಲ್ಲೇ ಓದಲೋ, ಬ್ರಿಟನ್‌ಗೆ ಹೋಗಲೋ? ದಾವಣಗೆರೆಯಲ್ಲಿ ಎಂಬಿಬಿಎಸ್ ಓದಿ ಇಂಟರ್ನ್‌ಶಿಪ್ ಮುಗಿಸಿದ ಕಿರಿಯ ಗೆಳತಿಯರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ.

ಇಲ್ಲಿ ಎಂಬಿಬಿಎಸ್ ನಂತರದ ಎಂಡಿ, ಎಂಎಸ್ ಎಂದರೆ 3 ವರ್ಷ, ಪೂರ್ತಿ ಹೊತ್ತು. ಅರೆಹೊತ್ತಿನ ತರಬೇತಿ ಇಲ್ಲ. 2023ರ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ನಿಯಮದ ಪ್ರಕಾರ ವರ್ಷಕ್ಕೆ ಕನಿಷ್ಠ 20 ದಿನ ಸಂಬಳಸಹಿತ ರಜೆ. ಹೆರಿಗೆ ರಜೆ ಬೇರೆ. ಸೇರಿದ ಮೇಲೆ ಕಾಲೇಜು ಬದಲಿಸುವಂತಿಲ್ಲ. ಆದ್ದರಿಂದ ಗಂಡನ ಕೆಲಸ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಅನ್ನುವುದನ್ನು ಕೌನ್ಸೆಲಿಂಗ್‌ನಲ್ಲಿ ಆಯ್ಕೆ ತುಂಬುವಾಗಲೇ ಲೆಕ್ಕಕ್ಕೆ ತಗೊಳ್ಳಿ. ಈ 3 ವರ್ಷದೊಳಗೇ 3 ತಿಂಗಳು ಜಿಲ್ಲಾ ಆಸ್ಪತ್ರೆಯ ಕೆಲಸವೂ ಇದೆ.

ಬ್ರಿಟನ್‌ನಲ್ಲಿ ಮಗು ನೋಡಿಕೊಳ್ಳಲು, ಆರೋಗ್ಯ ಸರಿಯಿಲ್ಲದ್ದಕ್ಕೆ ತರಬೇತಿಯ ವಾರದ ಕೆಲಸವನ್ನು ಶೇ. 80, 60, 50ಕ್ಕೂ ಇಳಿಸಿಕೊಳ್ಳಬಹುದು. ಆದರೆ ಅವಧಿ ಹಿಗ್ಗುತ್ತದೆ: ಶೇ. 60ರಲ್ಲಿ 3 ವರ್ಷದ ತರಬೇತಿಗೆ 5 ವರ್ಷ. ಸಂಬಳವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ನಮ್ಮವರು ಮರೆಯುವುದು ಇಲ್ಲೇ. ವೀಸಾಗೆ ಕನಿಷ್ಠ ಸಂಬಳದ ಷರತ್ತು ಇರುತ್ತದೆ, ಮೊದಲು ಅದನ್ನು ನೋಡಿ. ಪರಿಸ್ಥಿತಿ ಅನಿರೀಕ್ಷಿತವಾಗಿ ಬದಲಾದರೆ ಬೇರೆ ಪ್ರದೇಶಕ್ಕೆ ವರ್ಗಾವಣೆಯನ್ನೂ ಕೇಳಬಹುದು. ಜಾಗ ಖಾಲಿ ಇರಬೇಕಷ್ಟೆ.

ನನ್ನ ಗೆಳತಿ ಇಲ್ಲೇ ಓದಿದಳು. ಮಧ್ಯಾಹ್ನ ಅವಳ ಅಮ್ಮ ಕೂಸನ್ನು ಎತ್ತಿಕೊಂಡು ಹರಿಹರದ ಬಸ್ಸಿಳಿದು ಬರುತ್ತಿದ್ದರು. ಡ್ಯೂಟಿ ರೂಮಿನ ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಹಾಲೂಡಿಸುತ್ತಿದ್ದಳು. ಅಂಥ ಅಮ್ಮನೋ ಅತ್ತೆಯೋ ಹತ್ತಿರದಲ್ಲಿದ್ದರೆ ನಾನು ಇಲ್ಲಿನದನ್ನೇ ಹೇಳುತ್ತೇನೆ. ಯಾರೂ ಇಲ್ಲದೆ ಗಂಡ ಹೆಂಡತಿ ಇಬ್ಬರೇ ಇದ್ದು, ಕೈಯಲ್ಲಿ ಒಂದಿಷ್ಟು ಉಳಿತಾಯವಿದ್ದರೆ, ಬ್ರಿಟನ್‌ನಲ್ಲಿ ವೈದ್ಯರಾಗಿ ನೋಂದಣಿಗೆ ಬರೆಯುವ ಪ್ಲ್ಯಾಬ್ ಪರೀಕ್ಷೆಗೆ ಕೂರುವುದು ಒಳ್ಳೆಯದು.