ರೋಲೆಕ್ಸ್ ಚೈನಿನ ಹಾಳಾದ ಸ್ಕ್ರೂ ಬದಲಿಸಲು ಬೆರ್ಜಾನ್ 6899, ಲಾಕ್‌ಟೈಟ್ 222: ಕೊಟ್ಟ ದುಡ್ಡಿಗೆ ಮೋಸವಿಲ್ಲವೇ?

ಸಬ್‌ಮರೀನರ್, ಎಕ್ಸ್‌ಪ್ಲೋರರ್‌ನಂಥ ರೋಲೆಕ್ಸ್ ವಾಚುಗಳ ಆಯ್ಸ್ಟರ್ ಚೈನಿನಲ್ಲಿ ಲಾಕಿನ ಎರಡೂ ಕಡೆಯ ಕೆಲವು ಕೊಂಡಿಗಳನ್ನು ಸ್ಕ್ರೂ ಬಿಚ್ಚಿ ತೆಗೆಯಬಹುದು. ಈ ಸ್ಕ್ರೂಗಳು ತಾವಾಗಿ ಕೆಡುವುದು ಅಪರೂಪ, ಕೆಡಿಸುವುದು ನಾವು. ಕೊಂಡಿ ತೆಗೆಸಲು ಹೋದಾಗ ಯಾರೋ ಕನ್ನಡಕದ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿರುತ್ತಾರೆ, ತಲೆಯ ಸೀಳು ಎರಡೂ ತುದಿಯಲ್ಲಿ ಕಿತ್ತು ಹೋಗಿರುತ್ತದೆ. ಹಾಗಾಗಿ ಹೊಸ ಸ್ಕ್ರೂ ಹುಡುಕುವ ಮೊದಲು ಸರಿಯಾದ ಸ್ಕ್ರೂಡ್ರೈವರ್ ಕೊಳ್ಳಿ. ಇಲ್ಲದಿದ್ದರೆ ಹೊಸ ಸ್ಕ್ರೂವಿನ ತಲೆಗೂ ಅದೇ ಗತಿ.

ಬೆರ್ಜಾನ್ ಸ್ವಿಟ್ಜರ್ಲೆಂಡಿನ ಲ ಲೋಕ್ಲ್ ಊರಿನ ಹಳೆಯ ಕಂಪನಿ, 1791ರಿಂದ ವಾಚ್ ರಿಪೇರಿಯವರ ಸಲಕರಣೆ ಮಾಡುತ್ತಿದೆ. ಅದರ 6899 ಸಾಲಿನ ಸ್ಕ್ರೂಡ್ರೈವರುಗಳಿಗೆ ಹಿಡಿ ಸ್ವಲ್ಪ ದಪ್ಪ, ತಲೆಯಲ್ಲಿ ತಿರುಗುವ ಟೋಪಿ ಇದೆ. ತೋರುಬೆರಳಿನಿಂದ ಟೋಪಿಯನ್ನು ಒತ್ತಿ ಹಿಡಿದು ಉಳಿದ ಬೆರಳುಗಳಲ್ಲಿ ಹಿಡಿಯನ್ನು ತಿರುಗಿಸಬಹುದು. ಚೈನಿನ ಕೆಲಸಕ್ಕೆ ಬೇಕಾದದ್ದು ಇದೇ, ಏಕೆಂದರೆ ಇಲ್ಲಿ ತಿರುಗಿಸುವ ಬಲಕ್ಕಿಂತ ಕೆಳಗೆ ಒತ್ತುವ ಬಲ ಹೆಚ್ಚಿರಬೇಕು. ಈಗಿನ ಆಯ್ಸ್ಟರ್ ಚೈನಿಗೆ ಸಾಮಾನ್ಯವಾಗಿ 1.60 ಮಿ.ಮೀ. ಅಗಲದ ಬ್ಲೇಡ್ ಹೊಂದುತ್ತದೆ. ಬೆರ್ಜಾನ್‌ನ ಬಣ್ಣದ ಲೆಕ್ಕದಲ್ಲಿ ಇದು ನೇರಳೆ, ಇದಕ್ಕಿಂತ ಒಂದು ಅಳತೆ ಚಿಕ್ಕದಾದ 1.40 ಬೂದು. ಆದರೂ ತಲೆಯ ವ್ಯಾಸ ಅಳೆದೇ ಆರಿಸಿ. ಬ್ಲೇಡ್ ತಲೆಗಿಂತ ಅಗಲವಾದರೆ ಕೊಂಡಿಯ ತೂತಿನ ಅಂಚನ್ನು ಗೀರುತ್ತದೆ, ಕಿರಿದಾದರೆ ಸೀಳನ್ನು ಅಗಿಯುತ್ತದೆ. ಹತ್ತು ಸ್ಕ್ರೂಡ್ರೈವರುಗಳ ಪೂರ್ತಿ ಸೆಟ್ ಕೊಳ್ಳುವ ಅಗತ್ಯ ಇಲ್ಲ. ಬಿಡಿಯಾಗಿ ಒಂದು 1.60 ಮತ್ತು ಜೊತೆಗೆ ಒಂದೆರಡು ಹೆಚ್ಚುವರಿ ಬ್ಲೇಡ್ ಸಾಕು.

ಬ್ಲೇಡಿನ ಅಗಲ ಎಲ್ಲರೂ ನೋಡುತ್ತಾರೆ, ದಪ್ಪ ನೋಡುವವರು ಕಡಿಮೆ. ಮನೆಬಳಕೆಯ ಸ್ಕ್ರೂಡ್ರೈವರ್ ತುದಿ ಬೆಣೆಯ ಆಕಾರದಲ್ಲಿರುತ್ತದೆ, ಸೀಳಿನ ಮೇಲಂಚನ್ನಷ್ಟೇ ಮುಟ್ಟುತ್ತದೆ, ತಿರುಗಿಸಿದ ಕೂಡಲೇ ಮೇಲಕ್ಕೆ ಹತ್ತಿ ಜಾರುತ್ತದೆ. ಬೆರ್ಜಾನ್ ಬ್ಲೇಡ್ ಕೂಡ ಡಬ್ಬಿಯಿಂದ ಬಂದಂತೆಯೇ ಪ್ರತಿ ಸೀಳಿಗೂ ಹೊಂದುತ್ತದೆ ಎಂದುಕೊಳ್ಳಬಾರದು. ಇದು ನಮ್ಮ ದೂರು. ನಯವಾದ ಸಾಣೆಕಲ್ಲಿನ ಮೇಲೆ ಒಂದು ಹನಿ ಎಣ್ಣೆ ಹಾಕಿ ಬ್ಲೇಡಿನ ಎರಡೂ ಮುಖಗಳನ್ನು ಸಮಸಮವಾಗಿ ಉಜ್ಜಿ, ತುದಿಯ ಭಾಗ ಎರಡು ಕಡೆಯೂ ಸಮಾನಾಂತರವಾಗುವಂತೆ ಮಾಡಿಕೊಳ್ಳಿ. ಬ್ಲೇಡನ್ನು ಸೀಳಿನಲ್ಲಿ ಇಟ್ಟಾಗ ಅದು ತಳ ಮುಟ್ಟಬೇಕು, ಅತ್ತಿತ್ತ ಅಲುಗಬಾರದು. ಲೂಪ್ (ಕಣ್ಣಿಗೆ ಹಾಕಿಕೊಳ್ಳುವ ಪುಟ್ಟ ಭೂತಗನ್ನಡಿ) ಹಾಕಿಕೊಂಡು ನೋಡಿದರೆ ಬ್ಲೇಡಿಗೂ ಸೀಳಿನ ಗೋಡೆಗೂ ನಡುವೆ ಬೆಳಕು ಕಾಣಬಾರದು. ಅಗ್ಗದ ಸೆಟ್ಟುಗಳನ್ನೂ ಹೀಗೆ ಸಾಣೆ ಹಿಡಿಯಬಹುದು, ಆದರೆ ಅವುಗಳ ಉಕ್ಕು ಮೆತ್ತಗಿದ್ದರೆ ಅಂಟಿಕೊಂಡ ಸ್ಕ್ರೂವಿನಲ್ಲಿ ತುದಿ ತಿರುಚಿಕೊಳ್ಳುತ್ತದೆ, ಹೆಚ್ಚು ಗಡುಸಾಗಿದ್ದರೆ ಚಕ್ಕೆ ಹಾರುತ್ತದೆ. ಬೆರ್ಜಾನ್ ಬ್ಲೇಡ್ ಸವೆದರೂ ಪಕ್ಕದ ಪುಟ್ಟ ಸ್ಕ್ರೂ ಸಡಿಲಿಸಿ ಬದಲಿಸಿಕೊಳ್ಳಬಹುದು. ಕೊಟ್ಟ ದುಡ್ಡು ಸಾರ್ಥಕವಾಗುವುದು ಅಲ್ಲಿ.

ಎರಡನೆಯ ಶತ್ರು ಅಂಟು. ಕಾರ್ಖಾನೆಯಲ್ಲೇ ಈ ಸ್ಕ್ರೂಗಳ ಥ್ರೆಡ್ಡಿಗೆ, ಅಂದರೆ ಸುತ್ತು ಹಲ್ಲಿಗೆ, ಥ್ರೆಡ್ ಲಾಕರ್ (ಸ್ಕ್ರೂ ತಾನಾಗಿ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿರುತ್ತಾರೆ. ಬಿಸಿ ಮಾಡದೆ ಬಲ ಹಾಕಿದರೆ ಸೀಳು ಸೋಲುತ್ತದೆ, ಅಂಟು ಸೋಲುವುದಿಲ್ಲ. ಚೈನನ್ನು ವಾಚಿನಿಂದ ಪೂರ್ತಿ ಬಿಡಿಸಿಕೊಳ್ಳಿ, ಬಿಸಿ ಒಳಗಿನ ರಬ್ಬರ್ ಸೀಲುಗಳಿಗೂ ಎಣ್ಣೆಗೂ ಒಳ್ಳೆಯದಲ್ಲ. ಬರೀ ಚೈನನ್ನು ಕುದಿಯುವಷ್ಟು ಬಿಸಿಯಾದ ನೀರಿನಲ್ಲಿ ಕೆಲವು ನಿಮಿಷ ಇಡಿ, ಅಥವಾ ಆ ಕೊಂಡಿಗೆ ಹೇರ್ ಡ್ರೈಯರ್ ಹಿಡಿಯಿರಿ. ಜಗ್ಗದ ಸ್ಕ್ರೂಗೆ ಸೋಲ್ಡರಿಂಗ್ ಐರನ್‌ನ ಶುಭ್ರ ತುದಿಯನ್ನು ತಲೆಯ ಮೇಲೆ ಒತ್ತಿ ಹಿಡಿದರೆ ಬಿಸಿ ನೇರವಾಗಿ ಥ್ರೆಡ್ಡಿಗೆ ಇಳಿಯುತ್ತದೆ. ಆರುವ ಮೊದಲೇ ಬಿಚ್ಚಬೇಕು. ಚೈನನ್ನು ನೈಲಾನ್ ಬ್ಲಾಕಿನ ತೋಡಿನಲ್ಲಿ ಸ್ಕ್ರೂ ತಲೆ ಮೇಲಾಗುವಂತೆ ನಿಲ್ಲಿಸಿ, ಸುತ್ತಲಿನ ಹೊಳಪಿನ ಭಾಗಕ್ಕೆ ಟೇಪ್ ಅಂಟಿಸಿ, ಲಂಬವಾಗಿ ಒತ್ತಿ ಎಡಕ್ಕೆ ತಿರುಗಿಸಿ. ಕೈಯಲ್ಲಿ ಹಿಡಿದುಕೊಂಡು ಈ ಕೆಲಸಕ್ಕೆ ಕೈ ಹಾಕಬೇಡಿ. ಜಾರಿದ ಬ್ಲೇಡ್ ಮೊದಲು ಕೊಂಡಿಗೆ ಗೀರು ಹಾಕುತ್ತದೆ, ಆಮೇಲೆ ಹೆಬ್ಬೆರಳಿಗೆ.

ಹೊರಬಂದ ಸ್ಕ್ರೂವನ್ನು ಗಮನಿಸಿ ನೋಡಿ: ಒಂದು ತುದಿಯಲ್ಲಿ ಸೀಳಿನ ತಲೆ, ನಡುವೆ ನುಣ್ಣನೆಯ ಕಡ್ಡಿ, ಇನ್ನೊಂದು ತುದಿಯಲ್ಲಿ ಮಾತ್ರ ಥ್ರೆಡ್. ಥ್ರೆಡ್ಡಿನ ಸಂದಿಯಲ್ಲಿ ಹಿಟ್ಟಿನಂತೆ ಕೂತಿರುವುದು ಹಳೆಯ ಅಂಟು. ನಡುವಿನ ಕೊಂಡಿ ತಿರುಗುವುದು ಆ ನುಣ್ಣನೆಯ ಭಾಗದ ಮೇಲೆ. ಇದು ನೆನಪಿದ್ದರೆ ಮುಂದಿನ ಅರ್ಧ ತಪ್ಪು ತಪ್ಪುತ್ತದೆ.

ಬದಲಿ ಸ್ಕ್ರೂ ವಿಷಯದಲ್ಲಿ ನಮ್ಮ ನಿಲುವು ಗಟ್ಟಿ: ರೋಲೆಕ್ಸ್‌ನ ಐದು ವರ್ಷದ ಗ್ಯಾರಂಟಿ ಇನ್ನೂ ನಡೆಯುತ್ತಿದ್ದರೆ ಹೊರಗಿನ ಸ್ಕ್ರೂ ಹಾಕಲೇಬೇಡಿ, ಅಧಿಕೃತ ಸರ್ವಿಸ್‌ಗೆ ಕೊಡಿ. ಬೇರೆಯವರ ಬಿಡಿಭಾಗ ಹಾಕಿದರೆ ಗ್ಯಾರಂಟಿ ಬಿದ್ದುಹೋಗುತ್ತದೆ. ಗ್ಯಾರಂಟಿ ಮುಗಿದ ವಾಚಿಗೆ ಆನ್‌ಲೈನ್‌ನಲ್ಲಿ ಸಿಗುವ ‘ಆಯ್ಸ್ಟರ್‌ಗೆ ಹೊಂದುವ’ ಸ್ಕ್ರೂಗಳನ್ನು ನಂಬುವ ಮೊದಲು ನಾಲ್ಕು ಅಳತೆ ತೆಗೆಯಿರಿ: ಒಟ್ಟು ಉದ್ದ, ತಲೆಯ ವ್ಯಾಸ, ಕಡ್ಡಿಯ ವ್ಯಾಸ, ಥ್ರೆಡ್ಡಿನ ಉದ್ದ. ಡಿಜಿಟಲ್ ವರ್ನಿಯರ್ ಸಾಕು. ಥ್ರೆಡ್ಡಿನ ಅಂತರ ಅಳೆಯಲು ಸಲಕರಣೆ ಬೇಡ. ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಒತ್ತಿ ಬೆಳಕಿಗೆ ಹಿಡಿಯಿರಿ. ಒಂದರ ಹಲ್ಲು ಇನ್ನೊಂದರ ಸಂದಿಯಲ್ಲಿ ಉದ್ದಕ್ಕೂ ಕೂತರೆ ಸರಿ, ನಡುವೆ ಎಲ್ಲಾದರೂ ಬೆಳಕು ತೂರಿದರೆ ಆ ಪೊಟ್ಟಣ ವಾಪಸ್ ಕಳಿಸಿ. ಲಾಕಿನ ಕಡೆಗೆ ಕಿರಿದಾಗುತ್ತಾ ಹೋಗುವ ಚೈನುಗಳಲ್ಲಿ ಕೊಂಡಿಯಿಂದ ಕೊಂಡಿಗೆ ಸ್ಕ್ರೂ ಉದ್ದ ಬೇರೆಯಾಗಬಹುದು. ಬಿಚ್ಚಿದವನ್ನು ಒಂದೇ ಬಟ್ಟಲಿಗೆ ಸುರಿಯದೆ ಸಾಲಾಗಿ ಇಡಿ.

ಹಾಕುವಾಗ ಮೊದಲು ಅಂಟಿಲ್ಲದೆ ಹಾಕಿ ನೋಡಿ. ಕೊಂಡಿಯ ಒಳಗಿನ ಥ್ರೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ತೊಳೆದು ಒಣಗಿಸಿ. ಈ ಉಕ್ಕಿಗೆ ಅಯಸ್ಕಾಂತ ಹಿಡಿಯುವುದಿಲ್ಲ, ಆದ್ದರಿಂದ ಸ್ಕ್ರೂವನ್ನು ಬ್ಲೇಡಿನ ತುದಿಗೆ ನಿಲ್ಲಿಸಲು ರೋಡಿಕೋ ಎಂಬ ಹಸಿರು ಅಂಟುಮುದ್ದೆಯ ಚೂರು ಬಳಸಿ. ಥ್ರೆಡ್ ಸೇರುವಾಗ ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ; ಟಿಕ್ ಎಂದು ಒಂದು ಹಲ್ಲು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ. ಮೊದಲ ಸುತ್ತಿನಲ್ಲೇ ಬಿಗಿಯಾದರೆ ಓರೆಯಾಗಿ ಹತ್ತಿದೆ ಎಂದೇ ಅರ್ಥ. ಸ್ಟೇನ್‌ಲೆಸ್ ಸ್ಟೀಲ್ ಒಂದಕ್ಕೊಂದು ಕಚ್ಚಿಕೊಳ್ಳುವ ಜಾತಿ, ಒತ್ತಾಯ ಮಾಡಿದರೆ ಕೊಂಡಿಯ ಥ್ರೆಡ್ಡೇ ಹೋಗುತ್ತದೆ. ಸ್ಕ್ರೂ ಹೋದರೆ ಸ್ಕ್ರೂ ಬದಲಿಸಬಹುದು, ಕೊಂಡಿಯ ಥ್ರೆಡ್ ಹೋದರೆ ಕೊಂಡಿಯನ್ನೇ ಬದಲಿಸಬೇಕು.

ಅಂಟಿಗೆ ಲಾಕ್‌ಟೈಟ್ 222ನ್ನೇ ಆರಿಸಿ, ಇದೂ ನೇರಳೆ ಬಣ್ಣದ್ದೇ. ಚಿಕ್ಕ ಸ್ಕ್ರೂಗಳಿಗೆಂದೇ ಮಾಡಿದ ಕಡಿಮೆ ಬಲದ ಅಂಟು ಇದು, ಮತ್ತೆ ಬಿಚ್ಚಬೇಕಾದಾಗ ಕೈ ಸಲಕರಣೆಗೇ ಬಿಡುತ್ತದೆ. ನೀಲಿಯ 243 ಮಧ್ಯಮ ಬಲದ್ದು, ಇಷ್ಟು ಸಣ್ಣ ಸೀಳಿಗೆ ಹೆಚ್ಚಾಯಿತು. ಕೆಂಪು 271 ಬೇಡವೇ ಬೇಡ. ಹಸಿರು 290 ಸಂದಿಗೆ ತಾನೇ ಹರಿದು ಹೋಗುವ ಗುಣದ್ದು, ಕೊಂಡಿಯ ಕೀಲಿಗೂ ಇಳಿದು ಅಲ್ಲೇ ಹಿಡಿದುಕೊಳ್ಳುತ್ತದೆ. 222 ಬಾಟಲಿಯ ಮೂತಿಯಿಂದ ನೇರವಾಗಿ ಹಾಕಬೇಡಿ. ಒಂದು ಹನಿ ಗಾಜಿನ ಮೇಲೆ ಬಿಟ್ಟು, ಟೂತ್‌ಪಿಕ್ ತುದಿಯಿಂದ ಥ್ರೆಡ್ಡಿನ ಕೊನೆಯ ಎರಡು ಮೂರು ಸುತ್ತಿಗೆ ಮಾತ್ರ ಸವರಿ. ಹೆಚ್ಚಾದ ಅಂಟು ಕಡ್ಡಿಯ ಮೇಲೆ ಹರಿದರೆ ಕೊಂಡಿ ಮಡಚುವುದಿಲ್ಲ. ಬಿಗಿ ಮಾಡಿದ ತಕ್ಷಣ ಕೊಂಡಿಯನ್ನು ಹತ್ತಾರು ಸಲ ಮಡಚಿ ಬಿಡಿಸಿ. ಗಾಳಿ ಸಿಗದೆ ಲೋಹಕ್ಕೆ ತಾಗಿದಾಗ ಗಟ್ಟಿಯಾಗುವ ಅಂಟು ಇದು. ಸ್ಟೇನ್‌ಲೆಸ್‌ನಲ್ಲಿ ನಿಧಾನ, ಅದಕ್ಕೆ ಎರಡು ದಿನ ನೀರು ತಾಗಿಸದಿದ್ದರೆ ಒಳ್ಳೆಯದು. ಬಾಟಲಿ ಅರ್ಧ ಖಾಲಿ ಇದ್ದಂತೆ ಕಂಡರೆ ಅಂಗಡಿಯವರ ಮೇಲೆ ರೇಗಬೇಡಿ; ಒಳಗೆ ಗಾಳಿ ಇದ್ದರೇ ಅಂಟು ದ್ರವವಾಗಿ ಉಳಿಯುವುದು.

ತಲೆ ಮುರಿದು ಕಡ್ಡಿ ಒಳಗೇ ಉಳಿದರೆ ಮನೆಯಲ್ಲಿ ಮುಂದುವರಿಯಬೇಡಿ. ಹಳೆಯ ವಾಚ್ ರಿಪೇರಿಯವರು ಹಿತ್ತಾಳೆ ಪ್ಲೇಟಿನಲ್ಲಿ ಮುರಿದ ಉಕ್ಕಿನ ಸ್ಕ್ರೂವನ್ನು ಪಟಿಕದ ಬಿಸಿ ದ್ರಾವಣದಲ್ಲಿ ಕರಗಿಸುತ್ತಾರೆ. ಆ ಉಪಾಯ ಇಲ್ಲಿ ನಡೆಯುವುದಿಲ್ಲ: ಸ್ಕ್ರೂ, ಕೊಂಡಿ ಎರಡೂ ಸ್ಟೇನ್‌ಲೆಸ್, ಪಟಿಕ ಎರಡನ್ನೂ ಕರಗಿಸದು. ಇದಕ್ಕೆ ಕೊರೆದು ತೆಗೆಯುವವರೇ ಬೇಕು.

ಸ್ಕ್ರೂ ಕೂರಿಸಿದ ದಿನ ಲೂಪ್ ಹಾಕಿ ಪ್ರತಿ ತಲೆಯ ಸೀಳು ಯಾವ ದಿಕ್ಕಿಗಿದೆ ಎಂದು ಫೋನಿನಲ್ಲಿ ಹತ್ತಿರದ ಫೋಟೋ ತೆಗೆದಿಡಿ. ಒಂದು ವಾರ ಕಟ್ಟಿದ ಮೇಲೆ ಮತ್ತೆ ಹೋಲಿಸಿ. ಸೀಳಿನ ಕೋನ ಚೂರು ಬದಲಾಗಿದ್ದರೂ ಆ ಸ್ಕ್ರೂ ಬಿಚ್ಚಿ, ಒರೆಸಿ, ಹೊಸದಾಗಿ 222 ಸವರಿ ಹಾಕಿ.